ಜಂಬೀರ ಕುಲದ ಅಂಗಾಂಶ ಕೃಷಿ: ರಾಯಚೂರು ಸೀಮೆಗೆ ಅದರಿಂದೇನು?

ಬಾಳೆಯ ತೋಟಗಳಲ್ಲಿ ಅಂಗಾಂಶ ಕೃಷಿಯ ಸಸಿಗಳು ಕಳೆದ ಕೆಲವು ದಶಕಗಳಲ್ಲಿ ತಂದುಕೊಟ್ಟ ಏಕರೂಪತೆಯನ್ನೂ, ಗೊನೆಗಳೆಲ್ಲ ಹೆಚ್ಚುಕಡಿಮೆ ಒಂದೇ ಕಾಲಕ್ಕೆ ಕೊಯ್ಲಿಗೆ ಬರುವ ಸೌಕರ್ಯವನ್ನೂ ಕಣ್ಣಾರೆ ಕಂಡ ಒಕ್ಕಲಿಗನು, ಅದೇ ವಿದ್ಯೆ ತನ್ನ ಲಿಂಬೆಗೂ ಮೋಸಂಬಿಗೂ ಏಕೆ ಒದಗಬಾರದೆಂದು ಕೇಳುವುದು ಸಹಜವೇ ಆಗಿದೆ. ಬಾಳೆಗೆ ಸಲ್ಲುವುದು ಲಿಂಬೆಗೂ ಸಲ್ಲಲೇಬೇಕೆಂಬ ಈ ಅನುಮಾನದಲ್ಲಿ ತರ್ಕವಿದೆ. ಆದರೆ ಗಿಡಗಳ ಸ್ವಭಾವ ತರ್ಕವನ್ನು ಅನುಸರಿಸಿ ನಡೆಯುವುದಿಲ್ಲ. ಗಾಜಿನ ಸೀಸೆಯೊಳಗೆ ಜಂಬೀರ ಕುಲದ ಸಸ್ಯಗಳನ್ನು ಬೆಳೆಸುವ ಪ್ರಯತ್ನಕ್ಕೆ ಆರು ದಶಕಗಳಿಗೂ ಮೀರಿದ ಇತಿಹಾಸವಿದ್ದು, ಅದರ ಆರಂಭದ ಘಟ್ಟದಲ್ಲಿ ಭಾರತೀಯ ವಿಜ್ಞಾನಿಗಳ ಪಾತ್ರ ಗಣ್ಯವಾಗಿದ್ದರೂ, ಇಂದಿಗೂ ಜಗತ್ತಿನ ಕಿತ್ತಳೆ ಲಿಂಬೆಗಳ ತೋಟಗಳು ಬಹುತೇಕ ಬೀಜದಿಂದಲೂ ಕಣ್ಣುಕಸಿಯಿಂದಲೂ ಏಳುತ್ತಿವೆಯೇ ಹೊರತು ಸೀಸೆಯಿಂದಲ್ಲ. ಹೀಗೇಕೆ, ಹಾಗಾದರೆ ಪ್ರಯೋಗಶಾಲೆಯ ಕೆಲಸ ಎಲ್ಲಿದೆ, ರಾಯಚೂರು, ದೇವದುರ್ಗ, ಮಾನ್ವಿಗಳ ನೆಲಕ್ಕೆ ಅದರ ಯಾವ ಭಾಗ ಹೊಂದೀತು ಎಂಬುದೇ ಇಲ್ಲಿಯ ವಿಚಾರ.

ಮೊದಲು ನೆಲದ ಮಾತು. ಉತ್ತರಕ್ಕೆ ಕೃಷ್ಣೆಯೂ ದಕ್ಷಿಣಕ್ಕೆ ತುಂಗಭದ್ರೆಯೂ ಹರಿಯುವ ಈ ಅಂತರ್ವೇದಿಯಲ್ಲಿ ದೇವದುರ್ಗವು ಕೃಷ್ಣೆಯ ಮಗ್ಗುಲಿಗೂ ಮಾನ್ವಿಯು ತುಂಗಭದ್ರೆಯ ಮಗ್ಗುಲಿಗೂ ಇವೆ. ನಾರಾಯಣಪುರದ ಬಲದಂಡೆ ಕಾಲುವೆ ಮೊದಲನೆಯದಕ್ಕೂ ತುಂಗಭದ್ರಾ ಎಡದಂಡೆ ಕಾಲುವೆ ಎರಡನೆಯದಕ್ಕೂ ನೀರುಣಿಸುತ್ತವೆ. ಕಾಲುವೆ ಬಂದಲ್ಲಿ ಭತ್ತ, ಬಾರದಲ್ಲಿ ಜೋಳ, ತೊಗರಿ, ಹತ್ತಿ, ಮೆಣಸಿನಕಾಯಿ ಎಂಬ ಸ್ಥೂಲವಾದ ವಿಭಾಗದ ನಡುವೆ ಲಿಂಬೆ ಮೋಸಂಬಿಗಳ ತೋಟಗಳು ವಿರಳವಾಗಿ ಅಲ್ಲಲ್ಲಿ ತಲೆಯೆತ್ತಿವೆ. ಬೇಸಗೆಯಲ್ಲಿ ೪೦ ಡಿಗ್ರಿಯನ್ನು ಮೀರುವ ಬಿಸಿಲು, ಸುಣ್ಣದ ಅಂಶ ಅಧಿಕವಾಗಿ ಕ್ಷಾರದ ಕಡೆಗೆ ವಾಲಿದ ಎರೆಭೂಮಿ, ಮಳೆಗಾಲದಲ್ಲಿ ನೀರು ಬೇಗ ಇಂಗದೆ ನಿಲ್ಲುವ ಅದರ ಸ್ವಭಾವ, ಕಾಲುವೆಯ ಅಚ್ಚುಕಟ್ಟಿನಲ್ಲಿ ಜೌಗು ಹಾಗೂ ಸವಳಿನ ಭೀತಿ, ಇವೆಲ್ಲ ಜಂಬೀರ ಕುಲದ ಬೇರಿಗೆ ಒಡ್ಡಿದ ಪರೀಕ್ಷೆಗಳೇ ಸರಿ. ಮಸಾರಿ ನೆಲದಲ್ಲಿ ಪರೀಕ್ಷೆ ಸ್ವಲ್ಪ ಸುಲಭ. ಯಾವ ಸಸಿಯನ್ನು ನೆಡಬೇಕೆಂಬ ಪ್ರಶ್ನೆಗೆ ಎಲೆ ಹಣ್ಣುಗಳನ್ನು ನೋಡುವ ಮೊದಲೇ ಬೇರನ್ನು ನೋಡಿ ಉತ್ತರಿಸಬೇಕಾದ ಪ್ರದೇಶವಿದು. ಈ ಮಾತಿಗೆ ಮುಂದೆ ಮರಳಬೇಕಾಗುತ್ತದೆ.

ಜೀವಕೋಶವೊಂದನ್ನು ಬೇರ್ಪಡಿಸಿ ಪೋಷಿಸಿದರೆ ಅದರಿಂದ ಇಡೀ ಸಸ್ಯವೇ ಮೈದಳೆಯಬಲ್ಲುದೆಂಬ ಭಾವನೆಯನ್ನು ೧೯೦೨ರಲ್ಲಿ ಮುಂದಿಟ್ಟವನು ಹೇಬರ್‌ಲಾಂಟ್ ಎಂಬ ಆಸ್ಟ್ರಿಯಾದ ವಿದ್ವಾಂಸ. ಆತನ ಸ್ವಂತ ಪ್ರಯೋಗಗಳು ಫಲಿಸಲಿಲ್ಲ. ಪೋಷಕ ಮಾಧ್ಯಮದ ಪಾಕ ಹದಕ್ಕೆ ಬರಲು ಅರ್ಧ ಶತಮಾನವೇ ಹಿಡಿಯಿತು. ೧೯೬೨ರಲ್ಲಿ ಮುರಾಶಿಗೆ ಮತ್ತು ಸ್ಕೂಗ್ ಪ್ರಕಟಿಸಿದ ಲವಣಗಳ ಮಿಶ್ರಣವೇ ಇಂದಿಗೂ ಬಹುಪಾಲು ಪ್ರಯೋಗಶಾಲೆಗಳ ಅಡಿಗೆ. ಅದಕ್ಕೂ ಮುಂಚೆಯೇ, ೧೯೫೮ರಲ್ಲಿ, ದೆಹಲಿ ವಿಶ್ವವಿದ್ಯಾಲಯದಲ್ಲಿ ಪಂಚಾನನ ಮಾಹೇಶ್ವರಿಯವರೂ ಅವರ ಶಿಷ್ಯರಾದ ಎನ್. ಎಸ್. ರಂಗಸ್ವಾಮಿಯವರೂ ಸಣ್ಣ ಹಣ್ಣಿನ ಜಂಬೀರ ಜಾತಿಯೊಂದರ ಅಂಡಕದಿಂದ ನ್ಯೂಸೆಲಸ್ ಎಂಬ ಅಂಗಾಂಶವನ್ನು ಬಿಡಿಸಿ, ಸೀಸೆಯಲ್ಲಿ ಬೆಳೆಸಿ, ಅದರಿಂದ ಭ್ರೂಣಗಳನ್ನೂ ಸಸಿಗಳನ್ನೂ ಪಡೆದರು. ಜಂಬೀರ ಕುಲದ ಅಂಗಾಂಶ ಕೃಷಿಯ ಕಥೆಯನ್ನು ಕ್ಯಾಲಿಫೋರ್ನಿಯದಿಂದ ಆರಂಭಿಸುವ ವಾಡಿಕೆಯನ್ನು ನಮ್ಮ ಪಠ್ಯಗಳಾದರೂ ಬಿಡಬಹುದು.

ಅವರು ನ್ಯೂಸೆಲಸ್ಸನ್ನೇ ಆರಿಸಿಕೊಂಡದ್ದು ಆಕಸ್ಮಿಕವಲ್ಲ. ಲಿಂಬೆಯ ಬೀಜವೊಂದನ್ನು ನೆಟ್ಟರೆ ಎರಡು ಮೂರು ಮೊಳಕೆಗಳು ಒಟ್ಟಿಗೆ ಏಳುವುದನ್ನು ಕಾಣದ ತೋಟಗಾರನಿಲ್ಲ. ಒಂದೇ ಬೀಜದಲ್ಲಿ ಎರಡು ಭ್ರೂಣಗಳಿರುವುದನ್ನು ಲೇವನ್‌ಹುಕ್ ೧೭೧೯ರಷ್ಟು ಹಿಂದೆಯೇ ಗಮನಿಸಿದ್ದನು. ಇವುಗಳಲ್ಲಿ ಒಂದು ಪರಾಗ ಮತ್ತು ಅಂಡದ ಸಂಯೋಗದಿಂದ ಹುಟ್ಟಿದ್ದಾದರೆ, ಉಳಿದವು ತಂದೆಯ ಸಂಪರ್ಕವೇ ಇಲ್ಲದೆ ತಾಯಿಯ ನ್ಯೂಸೆಲಸ್ ಕೋಶಗಳಿಂದ ನೇರವಾಗಿ ಮೂಡಿದವು. ಆದುದರಿಂದ ಅವು ತಾಯಿಯ ಯಥಾವತ್ ಪ್ರತಿರೂಪಗಳು. ಪ್ರಯೋಗಶಾಲೆಯಲ್ಲಿ ನಾವು ಬಹು ಪ್ರಯಾಸದಿಂದ ಮಾಡಲು ಹೊರಟಿರುವುದನ್ನು ಈ ಕುಲದ ಬಹುತೇಕ ಜಾತಿಗಳು ಬೀಜದ ಸಿಪ್ಪೆಯೊಳಗೆ ಸದ್ದಿಲ್ಲದೆ ಮಾಡಿ ಮುಗಿಸುತ್ತವೆ. ನಮ್ಮ ಕಾಗಜಿ ಲಿಂಬೆಯನ್ನು ಬೀಜದಿಂದ ಬೆಳೆಸಿದರೂ ಜಾತಿ ಕೆಡದಿರಲು ಇದೇ ಕಾರಣ; ಮೋಸಂಬಿಯ ಕಣ್ಣು ಕೂಡಿಸಲು ಬೇಕಾದ ಜಂಬೇರಿ, ರಂಗಪುರ ಲಿಂಬೆಗಳ ಬೇರುಸಸಿಗಳನ್ನು ಪಾತಿಯಲ್ಲಿ ಸಾವಿರಗಟ್ಟಲೆ ಏಕರೂಪವಾಗಿ ಎಬ್ಬಿಸಲು ಸಾಧ್ಯವಾಗಿರುವುದೂ ಇದರಿಂದಲೇ. ಮೇಲಾಗಿ ಈ ಕುಲವನ್ನು ಪೀಡಿಸುವ ಮುಖ್ಯ ವೈರಸ್ ರೋಗಗಳು ಸಾಮಾನ್ಯವಾಗಿ ಬೀಜದ ಮೂಲಕ ದಾಟುವುದಿಲ್ಲ. ಏಕರೂಪತೆಯೂ ಆರೋಗ್ಯವೂ ಹೀಗೆ ಬೀಜದಲ್ಲೇ ಅಡಗಿರುವಾಗ, ಬಾಳೆಯಂಥ ನಿರ್ಬೀಜ ಸಸ್ಯಕ್ಕೆ ಅನಿವಾರ್ಯವಾದ ಸೀಸೆ ಲಿಂಬೆಗೆ ಅನಿವಾರ್ಯವಾಗದಿದ್ದರೆ ಆಶ್ಚರ್ಯವೇನು?

ಈ ವರಕ್ಕೆ ಎರಡು ಮಿತಿಗಳುಂಟು. ಚಕ್ಕೋತ ಮಾದಳಗಳಂಥವು ಏಕಭ್ರೂಣದವು. ಅವುಗಳ ಬೀಜದ ಸಸಿ ತಾಯಿಯನ್ನು ಹೋಲಬೇಕೆಂಬ ನಿಯಮವಿಲ್ಲ. ಇಂಥ ಜಾತಿಗಳ ನ್ಯೂಸೆಲಸ್ಸನ್ನೂ ಸೀಸೆಯಲ್ಲಿ ಪ್ರೇರೇಪಿಸಿ ಭ್ರೂಣಗಳನ್ನು ಪಡೆಯಬಹುದೆಂದು ರಂಗನ್, ಮುರಾಶಿಗೆ, ಬಿಟರ್ಸ್ ೧೯೬೮ರಲ್ಲಿ ತೋರಿಸಿದರು. ದೇವನಹಳ್ಳಿಯ ಚಕ್ಕೋತವನ್ನು ಉಳಿಸಿಕೊಳ್ಳಬೇಕೆನ್ನುವವರಿಗೆ ಆ ಶೋಧ ಇಂದಿಗೂ ಪ್ರಸ್ತುತ. ಎರಡನೆಯ ಮಿತಿ ಇನ್ನೂ ದೊಡ್ಡದು: ನ್ಯೂಸೆಲಸ್ಸಿನಿಂದ ಹುಟ್ಟಿದ ಸಸಿ, ಅದು ಬೀಜದಲ್ಲೇ ಹುಟ್ಟಿರಲಿ ಸೀಸೆಯಲ್ಲೇ ಹುಟ್ಟಿರಲಿ, ತನ್ನ ಬಾಲ್ಯವನ್ನು ಪೂರ್ತಿಯಾಗಿ ಅನುಭವಿಸಿಯೇ ತೀರುತ್ತದೆ. ಮೈತುಂಬ ಮುಳ್ಳು, ನೆಟ್ಟಗೆ ಮೇಲಕ್ಕೇರುವ ಬೆಳವಣಿಗೆ, ಫಲಕ್ಕೆ ಬರಲು ಹಲವು ವರ್ಷಗಳ ವಿಳಂಬ, ಇವು ಅದರ ಲಕ್ಷಣಗಳು. ಕಣ್ಣುಕಸಿಯ ಮೋಸಂಬಿ ನಾಲ್ಕೈದು ವರ್ಷಕ್ಕೆ ಹಣ್ಣು ತೋರಿಸುವಾಗ, ಅದಕ್ಕಿಂತ ಬಹಳ ತಡವಾಗಿ ಕಾಯಿ ಕಚ್ಚುವ ಸಸಿಯನ್ನು ಬ್ಯಾಂಕಿನ ಸಾಲ ತಂದು ಯಾರು ನೆಟ್ಟಾರು?

ಹಾಗಾದರೆ ಫಲ ಕೊಡುತ್ತಿರುವ ಮರದ ಟೊಂಗೆಯಿಂದಲೇ ಗಿಣ್ಣನ್ನು ಕತ್ತರಿಸಿ ಸೀಸೆಗೆ ಹಾಕಬಾರದೇಕೆ? ಹಾಕಬಹುದು, ಹಾಕಿಯೂ ಇದ್ದಾರೆ. ಎಳೆಯ ಕೊಂಬೆಯ ಗಿಣ್ಣುಗಳನ್ನು ಮದ್ಯಸಾರದಲ್ಲಿಯೂ ಬಳಿಕ ಸೋಡಿಯಂ ಹೈಪೋಕ್ಲೋರೈಟ್ ಅಥವಾ ಮರ್ಕ್ಯೂರಿಕ್ ಕ್ಲೋರೈಡಿನಲ್ಲಿಯೂ ತೊಳೆದು, ೧೨೧ ಡಿಗ್ರಿ ಉಷ್ಣದಲ್ಲಿ ಆಟೋಕ್ಲೇವ್ ಮಾಡಿ ತಣಿಸಿದ ಅಗರ್ ಮಾಧ್ಯಮದ ಮೇಲಿರಿಸಿ, ಬೆಂಜೈಲ್ ಅಡೆನಿನ್ನಿನಂಥ ಸೈಟೋಕೈನಿನ್‌ಗಳಿಂದ ಚಿಗುರನ್ನು ಹೊರಡಿಸುವುದು. ಆ ಚಿಗುರುಗಳನ್ನು ಬಿಡಿಸಿ, ಲವಣಗಳನ್ನು ಅರ್ಧಕ್ಕಿಳಿಸಿದ ಮಾಧ್ಯಮದಲ್ಲಿ ಆಕ್ಸಿನ್ ಸೇರಿಸಿ ಬೇರು ಬಿಡಿಸುವುದು. ಸುಮಾರು ೨೫ ಡಿಗ್ರಿಯ ಕೋಣೆಯಲ್ಲಿ ದಿನಕ್ಕೆ ೧೬ ಗಂಟೆ ಬೆಳಕು ಕೊಟ್ಟು ಸಾಕಿ, ಕಡೆಗೆ ತೆಂಗಿನ ನಾರಿನ ಪುಡಿಗೆ ವರ್ಗಾಯಿಸಿ, ತೇವದ ಮಂಜಿನ ಕೋಣೆಯಲ್ಲಿ ಹೊರಗಿನ ಹವೆಗೆ ಒಗ್ಗಿಸುವುದು: ಕ್ರಮವಿಷ್ಟೆ. ಕಾಗದದ ಮೇಲೆ ಸುಗಮವಾಗಿ ಕಾಣುವ ಈ ಕ್ರಮ ಲಿಂಬೆಯ ಬಳಿ ಹೋದಾಗ ಹೆಜ್ಜೆಹೆಜ್ಜೆಗೂ ಎಡವುತ್ತದೆ. ವರ್ಷಾನುಗಟ್ಟಲೆ ಹೊಲದಲ್ಲಿ ನಿಂತ ಮರದ ಟೊಂಗೆಯ ಒಳಗೂ ಹೊರಗೂ ಬೂಷ್ಟು ಬ್ಯಾಕ್ಟೀರಿಯಗಳ ವಾಸವಿದ್ದು, ಎಷ್ಟು ತೊಳೆದರೂ ಸೀಸೆಗಳಲ್ಲಿ ಕೆಲವು ಕೆಡುತ್ತವೆ. ಕತ್ತರಿಸಿದ ಗಾಯದಿಂದ ಒಸರುವ ದ್ರವ್ಯಗಳು ಅಂಗಾಂಶವನ್ನೇ ಕಂದಿಸುತ್ತವೆ. ಚಿಗುರಿದರೂ ಎಲೆ ಕಳಚುತ್ತದೆ. ಎಲೆ ನಿಂತರೂ ಬೇರು ಬರಲು ಹಟ ಮಾಡುತ್ತದೆ. ಬಾಳೆಯ ಗಡ್ಡೆಯ ಕಂದಿನಂತೆ ಒಂದು ಹತ್ತಾಗಿ ಹತ್ತು ನೂರಾಗುವ ಔದಾರ್ಯ ಮರದ ಜಾತಿಗಳಿಗಿಲ್ಲ. ಹೊರಗೆ ರಾಯಚೂರಿನ ವೈಶಾಖ ಸುಡುತ್ತಿರುವಾಗ ಒಳಗೆ ೨೫ ಡಿಗ್ರಿಯನ್ನು ಹಗಲಿರುಳು ಕಾಯ್ದಿರಿಸುವ ವಿದ್ಯುತ್ತಿನ ವೆಚ್ಚವನ್ನು ಆ ಒಂದೊಂದು ಸಸಿಯ ತಲೆಗೂ ಕಟ್ಟಬೇಕಾಗುವುದೆಂಬುದನ್ನು ಮರೆಯಬಾರದು.

ಇಷ್ಟನ್ನೂ ಗೆದ್ದು ಸಸಿ ಸಿದ್ಧವಾಯಿತೆನ್ನೋಣ. ಅದು ತನ್ನದೇ ಬೇರಿನ ಮೇಲೆ ನಿಂತ ಮೋಸಂಬಿ. ಇಲ್ಲಿಯೇ ಎರೆಭೂಮಿಯ ಆಕ್ಷೇಪ ಎದುರಾಗುತ್ತದೆ. ಮೋಸಂಬಿಯ ಸ್ವಂತ ಬೇರು ಫೈಟೋಫ್ತೊರ ಎಂಬ ರೋಗಾಣುವಿಗೆ ಸುಲಭದ ತುತ್ತು. ನೀರು ನಿಲ್ಲುವ ನೆಲದಲ್ಲಿ ಬುಡ ಕೊಳೆತು, ಕಾಂಡದಿಂದ ಅಂಟು ಸೋರಿ, ಮರ ಒಣಗುತ್ತದೆ. ಕಸಿಯೆಂಬುದು ಶೀಘ್ರವಾಗಿ ಹಣ್ಣು ಪಡೆಯುವ ಉಪಾಯವಷ್ಟೇ ಆಗಿರದೆ, ಒಂದು ಜಾತಿಯ ಹಣ್ಣನ್ನು ಇನ್ನೊಂದು ಜಾತಿಯ ಬೇರಿನ ಬಲದಿಂದ ಪ್ರತಿಕೂಲವಾದ ಮಣ್ಣಿನಲ್ಲಿ ನಿಲ್ಲಿಸುವ ವಿದ್ಯೆಯೂ ಆಗಿದೆ. ಅಂಗಾಂಶ ಕೃಷಿಯ ಸಸಿ ಆ ವಿದ್ಯೆಯನ್ನು ಕೈಬಿಟ್ಟು ಬರುತ್ತದೆ. ಬೇರುಸಸಿಗಳಲ್ಲಿಯೂ ಎಲ್ಲವೂ ಎಲ್ಲೆಡೆಗೂ ಸಲ್ಲವು: ತಂಪು ದೇಶಗಳಲ್ಲಿ ಮಾನ್ಯವಾದ ಟ್ರೈಫೋಲಿಯೇಟ್ ಸುಣ್ಣದ ನೆಲದಲ್ಲಿ ಕಬ್ಬಿಣಾಂಶವನ್ನು ಹೀರಲಾರದೆ ಹಳದಿಗಟ್ಟುತ್ತದೆ, ಜಂಬೇರಿ ರಭಸದಿಂದ ಬೆಳೆದರೂ ಬುಡಕೊಳೆಗೆ ಸೋಲುತ್ತದೆ, ಸುಣ್ಣ, ಸವಳು, ಬರ ಮೂರನ್ನೂ ಒಂದು ಮಟ್ಟಿಗೆ ಸಹಿಸುವ ಖ್ಯಾತಿ ರಂಗಪುರ ಲಿಂಬೆಯದು. ಮಾನ್ವಿಯ ಎರೆಗೆ ಯಾವುದನ್ನು ಶಿಫಾರಸು ಮಾಡುವಿರೆಂದು ಕೇಳಿದರೆ ನಾನು ರಂಗಪುರದ ಕಡೆಗೆ ಕೈತೋರಿಸುವೆನು, ಆದರೆ ಒಂದು ನಿಬಂಧನೆಯೊಡನೆ. ಆ ಬೇರು ಎಕ್ಸೊಕಾರ್ಟಿಸ್ ಎಂಬ ವೈರಾಯ್ಡ್ ರೋಗಕ್ಕೆ ಬಹು ಸೂಕ್ಷ್ಮ. ಮೋಸಂಬಿಯ ತಾಯಿಮರದಲ್ಲಿ ಯಾವ ಚಿಹ್ನೆಯನ್ನೂ ತೋರದೆ ಅಡಗಿದ್ದ ಆ ರೋಗ ಕಣ್ಣಿನೊಡನೆ ಬಂದು, ಬೇರುಸಸಿಯ ತೊಗಟೆಯನ್ನು ಸುಲಿದು, ಮರವನ್ನು ಕುಬ್ಜವಾಗಿಸುತ್ತದೆ. ಕಸಿಯ ಚಾಕುವಿನಿಂದಲೇ ಗಿಡದಿಂದ ಗಿಡಕ್ಕೆ ಹರಡುತ್ತದೆ. ನಮ್ಮ ನೆಲಕ್ಕೆ ಒಪ್ಪುವ ಬೇರು ನಿರ್ಮಲವಾದ ಕಣ್ಣನ್ನೇ ಬೇಡುತ್ತದೆಂದಾಯಿತು. ಪ್ರಯೋಗಶಾಲೆಯ ನಿಜವಾದ ಪ್ರವೇಶ ಈ ಬಾಗಿಲಿನಿಂದ.

ಕಣ್ಣಿನೊಡನೆ ಬರುವ ವ್ಯಾಧಿಗಳ ಪಟ್ಟಿಯಲ್ಲಿ ಎಕ್ಸೊಕಾರ್ಟಿಸ್ ಸೌಮ್ಯವಾದುದೇ. ಗಿಡಹೇನುಗಳಿಂದ ಹರಡುವ ಟ್ರಿಸ್ಟೆಜಾ ವೈರಸ್ ಕಳೆದ ಶತಮಾನದ ಪೂರ್ವಾರ್ಧದಲ್ಲಿ ದಕ್ಷಿಣ ಅಮೆರಿಕದಲ್ಲಿ ಹುಳಿಕಿತ್ತಳೆಯ ಬೇರಿನ ಮೇಲಿದ್ದ ಕೋಟ್ಯಂತರ ಮರಗಳನ್ನು ನಾಶಮಾಡಿತು. ಗ್ರೀನಿಂಗ್ ಎಂಬ ಬ್ಯಾಕ್ಟೀರಿಯ ರೋಗ ಇನ್ನೂ ಕ್ರೂರ. ಸಿಲ್ಲಾ ಎಂಬ ಚಿಕ್ಕ ರಸಹೀರುವ ಕೀಟ ನಮ್ಮ ದೇಶದಲ್ಲಿ ಅದರ ವಾಹಕವೆಂಬುದನ್ನು ೧೯೬೭ರಲ್ಲಿ ಪುಣೆಯ ಸಂಶೋಧಕರಾದ ಕಪೂರ್ ಮತ್ತು ಸಂಗಡಿಗರು ದೃಢಪಡಿಸಿದರು. ೨೦೦೫ರಲ್ಲಿ ಫ್ಲಾರಿಡಾದಲ್ಲಿ ಕಾಣಿಸಿಕೊಂಡ ಇದೇ ವ್ಯಾಧಿ ಅಲ್ಲಿಯ ಕಿತ್ತಳೆಯ ಉದ್ಯಮವನ್ನೇ ಕುಗ್ಗಿಸಿಬಿಟ್ಟಿತು. ಕನ್ನಡಿಗರು ಇದರ ನಿದರ್ಶನಕ್ಕಾಗಿ ಸಮುದ್ರ ದಾಟಬೇಕಾಗಿಲ್ಲ. ಕೊಡಗಿನ ಕಿತ್ತಳೆಯ ಕ್ಷಯದ ಹಿಂದೆ ಇದೂ ಟ್ರಿಸ್ಟೆಜಾ ಮತ್ತು ಬುಡಕೊಳೆಗಳೂ ಕೈಗೂಡಿಸಿದ್ದವು; ಚೆಟ್ಟಳ್ಳಿಯ ತೋಟಗಾರಿಕಾ ಪ್ರಯೋಗ ಕೇಂದ್ರ ೧೯೪೭ರಿಂದಲೂ ಆ ಹಣ್ಣಿನ ಸಮಸ್ಯೆಗಳೊಡನೆ ಹೆಣಗುತ್ತ ಬಂದಿದೆ. ಭೌಗೋಳಿಕ ಸೂಚಕದ ಗೌರವ ಕೊಡಗಿನ ಕಿತ್ತಳೆಗೆ ದೊರೆಯುವ ವೇಳೆಗೆ ಅದರ ತೋಟಗಳು ಬಹುಮಟ್ಟಿಗೆ ಬರಿದಾಗಿದ್ದವು.

ಇಂಥ ರೋಗಗ್ರಸ್ತ ಮರದಿಂದ, ಅದರ ಗುಣವನ್ನೂ ಪ್ರೌಢಾವಸ್ಥೆಯನ್ನೂ ಕಳೆದುಕೊಳ್ಳದೆ, ರೋಗವನ್ನು ಮಾತ್ರ ಹಿಂದೆ ಬಿಟ್ಟು ಒಂದು ಕಣ್ಣನ್ನು ಎತ್ತಿಕೊಳ್ಳುವ ಉಪಾಯವೇ ಸೂಕ್ಷ್ಮ ಕುಡಿಕಸಿ. ಮುರಾಶಿಗೆ ಮತ್ತು ಸಹೋದ್ಯೋಗಿಗಳು ೧೯೭೨ರಲ್ಲಿ ಇದರ ಸಾಧ್ಯತೆಯನ್ನು ತೋರಿದರು. ೧೯೭೫ರಲ್ಲಿ ನವಾರೊ, ರೊಯಿಸ್ಟೇಕರ್, ಮುರಾಶಿಗೆ ಅದನ್ನು ನಿತ್ಯದ ವಿಧಾನವಾಗಿ ಪರಿಷ್ಕರಿಸಿದರು. ಕುಡಿಯ ತುತ್ತತುದಿಯಲ್ಲಿ ಸದಾ ವಿಭಜಿಸುತ್ತಿರುವ ಕೋಶಗಳ ಗುಮ್ಮಟವಿರುತ್ತದೆ. ಆಹಾರನಾಳಗಳು ಇನ್ನೂ ಅಲ್ಲಿಗೆ ಮುಟ್ಟಿರದ ಕಾರಣ ರೋಗಾಣುಗಳು ಅಲ್ಲಿಗೆ ಸಾಮಾನ್ಯವಾಗಿ ತಲಪಿರುವುದಿಲ್ಲ. ಬೇರುಸಸಿಯ ಬೀಜವನ್ನು ಸೀಸೆಯೊಳಗೆ ಕತ್ತಲಲ್ಲಿ ಸುಮಾರು ಎರಡು ವಾರ ಮೊಳೆಯಿಸಿ, ಬಿಳಿಚಿಕೊಂಡ ಆ ಸಸಿಯ ತಲೆಯನ್ನೂ ಬೀಜದಳಗಳನ್ನೂ ಕಳೆದು, ಉಳಿದ ಒಂದೂವರೆ ಸೆಂಟಿಮೀಟರಿನಷ್ಟು ಕಾಂಡದ ಮೇಲ್ಭಾಗದಲ್ಲಿ ತಲೆಕೆಳಗಾದ 'ಟಿ' ಆಕಾರದ ಗೀರು ಹಾಕುತ್ತಾರೆ. ತಾಯಿಮರದ ಹೊಸ ಚಿಗುರಿನಿಂದ, ಎರಡು ಮೂರು ಎಲೆಮೊಗ್ಗುಗಳಷ್ಟೇ ಅಂಟಿಕೊಂಡಿರುವ, ೦.೧ರಿಂದ ೦.೨ ಮಿಲಿಮೀಟರ್ ಉದ್ದದ ತುದಿಯನ್ನು ಸೂಕ್ಷ್ಮದರ್ಶಕದ ಕೆಳಗೆ ಕತ್ತರಿಸಿ ಆ ಗೀರಿನಲ್ಲಿ ಕೂರಿಸಿ, ದ್ರವ ಮಾಧ್ಯಮದಲ್ಲಿ ಕಾಗದದ ಸೇತುವೆಯ ಮೇಲೆ ಸಸಿಯನ್ನು ನಿಲ್ಲಿಸುತ್ತಾರೆ. ತುದಿ ದೊಡ್ಡದಾದಷ್ಟೂ ಕಸಿ ಬದುಕುವ ಸಂಭವ ಹೆಚ್ಚು. ಚಿಕ್ಕದಾದಷ್ಟೂ ರೋಗಮುಕ್ತಿಯ ಸಂಭವ ಹೆಚ್ಚು. ಕುಶಲಿಯ ಕೈಯಲ್ಲಿಯೂ ಅರ್ಧದಷ್ಟು ಕಸಿ ಹಿಡಿದರೆ ಒಳ್ಳೆಯ ಫಲಿತಾಂಶವೆಂದೇ ಎಣಿಕೆ. ಶಾಖ ಕೊಟ್ಟು ವೈರಸ್ ಕಳೆಯುವ ಹಳೆಯ ಚಿಕಿತ್ಸೆಗೆ ಜಗ್ಗದ ಎಕ್ಸೊಕಾರ್ಟಿಸ್ ಕೂಡ ಈ ಕತ್ತಿಗೆ ಮಣಿಯುತ್ತದೆ. ಕುಡಿ ಪ್ರೌಢ ಮರದ್ದಾದುದರಿಂದ ಮುಳ್ಳಿನ ಬಾಲ್ಯ ಮರುಕಳಿಸುವುದಿಲ್ಲ.

ಸ್ಪೇನ್ ದೇಶ ೧೯೭೫ರಲ್ಲಿ ಇದೇ ವಿಧಾನವನ್ನು ಆಧಾರವಾಗಿಟ್ಟುಕೊಂಡು ತನ್ನ ತಳಿಗಳನ್ನೆಲ್ಲ ಶುದ್ಧೀಕರಿಸಲು ತೊಡಗಿ, ಕೆಲವು ದಶಕಗಳಲ್ಲಿ ಬಹುಪಾಲು ತೋಟಗಳನ್ನು ನಿರ್ಮಲ ಸಸಿಗಳಿಂದ ಹೊಸದಾಗಿ ಕಟ್ಟಿಕೊಂಡಿತು. ನಮ್ಮಲ್ಲಿ ನಾಗಪುರದ ಕೇಂದ್ರೀಯ ಜಂಬೀರ ಸಂಶೋಧನ ಸಂಸ್ಥೆ ಅಲ್ಲಿಯ ಸಂತ್ರಾ ಮೋಸಂಬಿಗಳಿಗಾಗಿ ಕುಡಿಕಸಿಯನ್ನು ಬಳಕೆಗೆ ತಂದಿದೆ. ದೈಹಿಕ ಕೋಶಗಳಿಂದ ಭ್ರೂಣಗಳನ್ನೆಬ್ಬಿಸುವುದು, ಕೋಶಭಿತ್ತಿಯನ್ನು ಕರಗಿಸಿ ಎರಡು ಜಾತಿಗಳ ಕೋಶಗಳನ್ನು ಬೆಸೆಯುವುದು, ತ್ರಿಗುಣಿತ ಭ್ರೂಣಗಳನ್ನು ಬಿಡಿಸಿ ಬೆಳೆಸಿ ಬೀಜರಹಿತ ಹಣ್ಣು ಪಡೆಯುವುದು, ಇವೆಲ್ಲ ತಳಿವಿಜ್ಞಾನಿಯ ಕೆಲಸಗಳು. ಅವುಗಳ ಫಲ ದೇವದುರ್ಗವನ್ನು ಮುಟ್ಟುವಾಗ ಕಣ್ಣುಕಸಿಯ ರೂಪದಲ್ಲೇ ಮುಟ್ಟುವುದರಿಂದ ಇಲ್ಲಿ ವಿಸ್ತರಿಸುವ ಅಗತ್ಯವಿಲ್ಲ.

ಸ್ವಲ್ಪ ಲೆಕ್ಕ ನೋಡೋಣ. ಆರು ಮೀಟರ್ ಅಂತರದಲ್ಲಿ ನೆಟ್ಟರೆ ಒಂದು ಎಕರೆಗೆ ಸುಮಾರು ೧೧೦ ಮೋಸಂಬಿ ಗಿಡಗಳು. ಅವು ಇಪ್ಪತ್ತು ವರ್ಷಕ್ಕೂ ಮಿಕ್ಕಿ ನಿಲ್ಲಬೇಕು. ೧.೮ ಮೀಟರ್ ಅಂತರದ ಬಾಳೆಗೆ ಎಕರೆಯೊಂದಕ್ಕೆ ಸುಮಾರು ೧೨೫೦ ಸಸಿ, ಅದೂ ಕೆಲವೇ ವರ್ಷಗಳಿಗೊಮ್ಮೆ ಹೊಸದಾಗಿ. ಸಸಿಯನ್ನು ಮಾರಿ ಬದುಕುವ ಕಂಪನಿ ಯಾವುದರ ಬೆನ್ನು ಹತ್ತುವುದೆಂದು ಹೇಳಬೇಕಾಗಿಲ್ಲ. ಆದರೆ ಒಕ್ಕಲಿಗನ ಕಡೆಯಿಂದ ನೋಡಿದರೆ ಇದೇ ಲೆಕ್ಕದ ಅರ್ಥ ಬೇರೆಯಾಗುತ್ತದೆ: ಬಾಳೆಯ ಸಸಿ ಕೆಟ್ಟದ್ದಾದರೆ ಒಂದು ಬೆಳೆ ಹೋಯಿತು, ಮೋಸಂಬಿಯ ಸಸಿ ಕೆಟ್ಟದ್ದೆಂದು ತಿಳಿಯುವುದೇ ನಾಲ್ಕೈದು ವರ್ಷ ನೀರು ಗೊಬ್ಬರ ಹಾಕಿದ ಮೇಲೆ. ಬಲೆಮನೆಯೊಳಗೆ ಆರೈಕೆ ಪಡೆದ ನಿರ್ಮಲವಾದ ಒಂದು ತಾಯಿಗಿಡ ವರ್ಷಕ್ಕೆ ನೂರಾರು ಕಣ್ಣುಗಳನ್ನು ಕೊಡಬಲ್ಲುದಾದ್ದರಿಂದ, ರಾಯಚೂರು ಸೀಮೆಗೆ ಬೇಕಾಗಿರುವುದು ಸೂಕ್ಷ್ಮ ಕುಡಿಕಸಿಯಿಂದ ಬಂದ ಬೆರಳೆಣಿಕೆಯ ತಾಯಿಗಿಡಗಳು, ಅವುಗಳಿಂದ ಕಣ್ಣು ತೆಗೆಯಬಲ್ಲ ಪಳಗಿದ ಕಸಿಗಾರರು, ಕಾಲಕಾಲಕ್ಕೆ ತಪಾಸಣೆ. ಅಂಗಾಂಶ ಕೃಷಿಯ ಸಸಿಗಳಿಗೆ ೨೦೦೬ರಿಂದ ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆಯ ಪ್ರಮಾಣೀಕರಣ ವ್ಯವಸ್ಥೆಯಿದೆ. ಕಣ್ಣುಕಸಿಯ ಅಗಿ ಮಾರುವ ಸಣ್ಣ ನರ್ಸರಿಯನ್ನು ಅಂಥ ಕಟ್ಟುಪಾಡು ಇನ್ನೂ ಹಿಡಿದಿಟ್ಟಿಲ್ಲ. ೨೦೦೯ರಲ್ಲಿ ಧಾರವಾಡದಿಂದ ಬೇರ್ಪಟ್ಟು ಸ್ವತಂತ್ರವಾದ ಕೃಷಿ ವಿಶ್ವವಿದ್ಯಾಲಯ ರಾಯಚೂರು ಪಟ್ಟಣದಲ್ಲೇ ಇರುವಾಗ, ತೋಟಗಾರಿಕೆಗೇ ಮೀಸಲಾದ ವಿಶ್ವವಿದ್ಯಾಲಯ ಬಾಗಲಕೋಟೆಯಲ್ಲಿರುವಾಗ, ಲಿಂಬೆ ಅಭಿವೃದ್ಧಿ ಮಂಡಳಿ ಇಂಡಿಯಲ್ಲಿರುವಾಗ, ಹೊಸ ಕಟ್ಟಡವೊಂದರ ಅವಶ್ಯಕತೆ ನನಗೆ ತೋರುವುದಿಲ್ಲ.

ತಪಾಸಣೆಯ ವಿಷಯದಲ್ಲಿ ಒಂದು ಸ್ವಾರಸ್ಯವುಂಟು. ಟ್ರಿಸ್ಟೆಜಾ ಅಡಗಿದೆಯೇ ಎಂದು ತಿಳಿಯಲು ಎಲೈಸಾ, ಪಿಸಿಆರ್ ಪರೀಕ್ಷೆಗಳು ಬರುವ ಮೊದಲು, ಈಗಲೂ ಅನೇಕ ಕಡೆ, ಸಂದೇಹದ ಕಣ್ಣನ್ನು ಸೂಚಕಗಿಡವೊಂದಕ್ಕೆ ಕಸಿ ಮಾಡಿ ಅದರ ಎಲೆಯ ನರಗಳು ಬಿಳುಪೇರುವುವೇ ಎಂದು ಕಾದು ನೋಡುತ್ತಾರೆ. ಜಗತ್ತಿನಾದ್ಯಂತ ಈ ಕಾರ್ಯಕ್ಕೆ ಮೆಕ್ಸಿಕನ್ ಲೈಮ್ ಎಂಬ ಹೆಸರಿನಲ್ಲಿ ನಿಯುಕ್ತವಾಗಿರುವುದು ನಮ್ಮ ಕಾಗಜಿ ಲಿಂಬೆಯ ಜಾತಿಯೇ. ಅಷ್ಟು ಸುಲಭವಾಗಿ ರೋಗ ತಗಲುವ ಗಿಡವನ್ನು ನಾವು ಬೆಳೆಯಾಗಿ ನೆಟ್ಟಿದ್ದೇವೆಂಬುದೂ ಇದರಿಂದ ವಿದಿತವಾಗುತ್ತದೆ.

ಶುದ್ಧವಾದ ಸಸಿ ಅಭೇದ್ಯವಾದ ಸಸಿಯೆಂದು ಯಾರೂ ಭ್ರಮಿಸಬಾರದು. ಕುಡಿಕಸಿ ಹಳೆಯ ರೋಗವನ್ನು ಕಳೆಯುತ್ತದೆ, ಹೊಸದನ್ನು ತಡೆಯುವ ಶಕ್ತಿಯನ್ನು ಕೊಡುವುದಿಲ್ಲ. ಲಿಂಬೆಯ ಕಜ್ಜಿರೋಗ ಗಾಳಿಮಳೆಯ ಸಿಡಿತದಿಂದಲೇ ಹಬ್ಬುವಂಥದು. ಅದಕ್ಕೆ ಪ್ರಯೋಗಶಾಲೆಯಲ್ಲಿ ಮದ್ದಿಲ್ಲ. ಸಿಲ್ಲಾ ಕೀಟ ಎಳೆಯ ಚಿಗುರಿನಲ್ಲೇ ಮೊಟ್ಟೆಯಿಡುವುದರಿಂದ, ನೀರು ನಿಲ್ಲಿಸಿ ಮೃಗ ಬಹಾರ, ಹಸ್ತ ಬಹಾರ ಎಂದು ಹೂವಿನ ಕಾಲವನ್ನು ನಿಯಂತ್ರಿಸುವ ದಖ್ಖನಿನ ಪದ್ಧತಿಯಲ್ಲಿ ಹೊಸ ಚಿಗುರು ಒಮ್ಮೆಗೇ ಬರುವ ದಿನಗಳಲ್ಲಿ ಕಾವಲು ಬಿಗಿಯಾಗಿರಬೇಕು. ತಾಯಿಗಿಡಗಳ ಬಲೆಮನೆಗೆ ೪೦ರಿಂದ ೫೦ ಮೆಶ್ಶಿನ ಸೂಕ್ಷ್ಮ ಬಲೆಯೂ, ಒಂದು ಮುಚ್ಚಿದ ಮೇಲೆಯೇ ಮತ್ತೊಂದು ತೆರೆಯುವ ಜೋಡುಬಾಗಿಲೂ, ಕಸಿಯ ಚಾಕುವನ್ನು ಗಿಡದಿಂದ ಗಿಡಕ್ಕೆ ಹೋಗುವಾಗಲೆಲ್ಲ ಹೈಪೋಕ್ಲೋರೈಟಿನಲ್ಲಿ ಅದ್ದುವ ಶಿಸ್ತೂ ಇರತಕ್ಕದ್ದು. ಅದನ್ನು ಹಳೆಯ ಲಿಂಬೆಯ ತೋಟದ ಪಕ್ಕದಲ್ಲಿ ಕಟ್ಟುವುದು ಅವಿವೇಕ. ಮನೆಯ ಹಿತ್ತಿಲಿಗೆ ಹತ್ತಿರವಿದ್ದರೆ ಅಲ್ಲಿಯ ಕರಿಬೇವನ್ನೂ ಕಿತ್ತು ದೂರ ನೆಡಬೇಕಾಗುತ್ತದೆ, ಏಕೆಂದರೆ ಜಂಬೀರದ ಬಂಧುವಾದ ಆ ಗಿಡ ಸಿಲ್ಲಾ ಕೀಟಕ್ಕೆ ವರ್ಷವಿಡೀ ತಂಗುವ ಮನೆ.